ಚಂದ್ರಿಕೆಗೆ ಸಿಕ್ಕಿಸಿದ ಕನಸು

ಯಲ್ದೂರಿನ ಅಕ್ಕಯಮ್ಮನಿಗೆ ಇದ್ದದ್ದು ಒಂದೇ ಒಂದು ಕನಸು. ಬೇರೆಯವರ ಕನಸಲ್ಲಿ ಹಾವು ಬರುತ್ತೆ, ಹಲ್ಲು ಬೀಳುತ್ತೆ, ಸತ್ತ ಮಾವ ಎದ್ದು ಬಂದು ಹೊಗೆಸೊಪ್ಪು ಕೇಳುತ್ತಾನೆ. ಅಂಥ ಚಿಲ್ಲರೆ ಕನಸೆಲ್ಲ ಅಕ್ಕಯಮ್ಮನ ಹತ್ತಿರ ಸುಳಿಯುತ್ತಿರಲಿಲ್ಲ. ಕೋಳಿ ಕೂಗುವ ಸ್ವಲ್ಪ ಮುಂಚೆ ಅವಳ ಮಗಳು ಗಂಗ ಬರುತ್ತಿದ್ದಳು. ಎರಡು ಜಡೆಯ ಪುಟ್ಟ ಗಂಗ, ಲಂಗ ಎತ್ತಿ ಕಟ್ಟಿಕೊಂಡು, ತೋಪಿನ ಹಳೇ ಮಾವಿನ ಮರ ಹತ್ತಿ, ಕಾಲು ಆಡಿಸುತ್ತ ಕೂತಿರುತ್ತಿದ್ದಳು. ಮರದ ತುಂಬ ಹೂವೂ ಇರುತ್ತಿತ್ತು, ಹಣ್ಣೂ ಇರುತ್ತಿತ್ತು, ಕನಸಿಗೆಲ್ಲಿಯ ಕಾಲ! "ಅಮ್ಮಾ, ಸೆರಗು ಹಿಡಿ" ಅನ್ನುವಳು. ಅಕ್ಕಯಮ್ಮ ಹಿಡಿಯುವಳು. ಹಣ್ಣು ಎಲೆಗಳ ನಡುವೆ, ಹೊಂಬಿಸಿಲಲ್ಲಿ, ನಿಧಾನಕ್ಕೆ ಇಳಿಯುತ್ತ ಇಳಿಯುತ್ತ ಇರುವಾಗಲೇ ಎಚ್ಚರವಾಗಿಬಿಡುತ್ತಿತ್ತು. ಒಂದು ದಿನವಾದರೂ ಅದು ಸೆರಗಿಗೆ ಬಿದ್ದದ್ದಿಲ್ಲ.

ಗಂಗ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಹುಟ್ಟಿದ ಮಗುವಿನ ಮುಖ ಕೂಡ ನೋಡಲಿಲ್ಲ, ಪಾಪ. ಆ ಮಗುವೇ ರತ್ನಿ, ಈಗ ಆರನೇ ಕ್ಲಾಸು. ದಿನಾ ಬೆಳಿಗ್ಗೆ ಒಲೆ ಮುಂದೆ ಕೂತು ಅಕ್ಕಯಮ್ಮ ಮೊಮ್ಮಗಳಿಗೆ ಕನಸು ಒಪ್ಪಿಸುವಳು, ಅದೂ ತೆಲುಗಿನಲ್ಲಿ. ಆ ಮನೆಯಲ್ಲಿ ಬೈಗುಳ, ಮುದ್ದು, ಕನಸು ಮೂರೂ ತೆಲುಗೇ.

"ಆಮೇಲೆ?" ಅಂತ ರತ್ನಿ ಕೇಳುವಳು.

"ಆಮೇಲೇನು, ಎದ್ದೆ. ಹೊರಗೆ ಯಾರ ಹತ್ರಾನೂ ಬಾಯಿಬಿಟ್ಟೀಯ, ಜೋಕೆ! ಕಂಡಿದ್ದು ನಾಕು ಜನರ ಕಿವಿಗೆ ಬಿದ್ರೆ ಮತ್ತೆ ಬರಲ್ಲ."

ಹೀಗಿರುವಾಗ, ಎಪ್ಪತ್ತಾರನೇ ಇಸವಿಯಲ್ಲಿ, ಸ್ಕೂಲಿಗೆ ಅನಸೂಯಮ್ಮ ಅಂತ ಹೊಸ ಟೀಚರ್ ಬಂದರು. ಕೋಲಾರದಿಂದ ಬಸ್ಸಿನಲ್ಲಿ ಬರುತ್ತಿದ್ದ ಈಯಮ್ಮನಿಗೆ ಒಂದು ಹುಚ್ಚು: ಮಕ್ಕಳು ಬರೆದದ್ದನ್ನ ಊರೆಲ್ಲ ಓದಬೇಕು. ತಿದ್ದಿ, ಮಾರ್ಕು ಕೊಟ್ಟು, ಬೀರುವಿನಲ್ಲಿ ತುಂಬಿದರೆ ಅವರಿಗೆ ನಿದ್ದೆ ಬಾರದು. ತೂಗುಹಾಕೋಣವೆಂದರೆ ಸ್ಕೂಲಲ್ಲಿ ಸರಿಯಾದ ಒಂದು ಹಲಗೆಯಿಲ್ಲ. ಅವರೇನು ಸುಮ್ಮನಿರೋ ಪೈಕಿಯೇ? ಹಿಪ್ಪುನೇರಳೆ ಬೆಳೆಯೋ ಆವಲಪ್ಪನ ಮನೆಗೆ ಹೋಗಿ, ರೇಷ್ಮೆಹುಳ ಗೂಡು ಕಟ್ಟೋ ಬಿದಿರಿನ ಚಂದ್ರಿಕೆಗಳನ್ನೇ ಎರವಲು ತಂದರು. ಜಗಲಿಯುದ್ದಕ್ಕೂ ಅವನ್ನ ಒರಗಿಸಿ, ಸುರುಳಿ ಸುರುಳಿ ದಬ್ಬೆಗಳ ಸಂದಿಗೆ ಮಕ್ಕಳ ಹಾಳೆಗಳನ್ನ ಸಿಕ್ಕಿಸಿದರು. ವಿಷಯ, 'ನಾನು ಕಂಡ ಕನಸು'.

ಊರು ನೆರೆಯಿತು. ಅಕ್ಕಯಮ್ಮನೂ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು ಹೋದಳು. ಓದು ಬರದಿದ್ದರೇನು, ಮೊಮ್ಮಗಳ ಹಾಳೆ ನೋಡಬಾರದೇ? ಗಾಳಿಗೆ ಎಲ್ಲ ಹಾಳೆಗಳೂ ಒಟ್ಟಿಗೆ ಪಟಪಟ ಅನ್ನುತ್ತಿದ್ದವು. ಒಳ್ಳೇ ಚೆನ್ನಾಗಿತ್ತು ನೋಡಲಿಕ್ಕೆ.

"ಅಕ್ಕಯಮ್ಮಾ!" ಆವಲಪ್ಪ ಅಲ್ಲಿಂದಲೇ ಕೂಗಿದ. "ನಿನ್ ಗಂಗ ಮಾವಿನ ಮರ ಹತ್ತವಳೆ ನೋಡು ಇಲ್ಲಿ! ಏನ್ ಬರೆದವಳೆ ಹುಡುಗಿ, ಭಲೇ!"

ನಾಕು ಜನವೇ? ಇಡೀ ಊರು ಓದಿಬಿಟ್ಟಿತ್ತು. ಅಕ್ಕಯಮ್ಮ ರತ್ನಿಯ ರಟ್ಟೆ ಹಿಡಿದು ಮನೆಗೆ ಎಳಕೊಂಡು ಬಂದಳು.

"ಏಮೇ, ನನ್ನ ಕನಸೇ ಬೇಕಾಗಿತ್ತೇನೇ ನಿಂಗೆ?"

"ನಂಗೆ ಕನಸೇ ಬೀಳಲ್ಲ ಅಜ್ಜಿ. ಮಲಗ್ತೀನಿ, ಬೆಳಗಾಗ್ತದೆ. ಬೇರೆ ಏನ್ ಬರೀಲಿ?"

ಮಾರನೇ ದಿನ ಗಂಗ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಅಕ್ಕಯಮ್ಮ ಮಗ್ಗುಲು ಬದಲಿಸಿ ಮಲಗಿ ನೋಡಿದಳು, ದಿಂಬಿನಡಿ ಮಾವಿನೆಲೆ ಇಟ್ಟು ನೋಡಿದಳು. ಊಹೂಂ. ಕಣ್ಣು ಮುಚ್ಚಿದರೆ ಬರೀ ಕತ್ತಲೆ. ಮಗಳು ಎರಡನೇ ಸಲ ಸತ್ತಂತಾಯಿತು. ಬೆಳಿಗ್ಗೆ ಒಲೆ ಮುಂದೆ ಅಜ್ಜಿಯೂ ಮಾತಾಡಲಿಲ್ಲ, ಮೊಮ್ಮಗಳೂ "ಆಮೇಲೆ?" ಅನ್ನಲಿಲ್ಲ.

ಒಂದು ವಾರ ತಡೆದಳು. ಆಮೇಲೆ ಒಂದು ಸಂಜೆ, ಮಕ್ಕಳೆಲ್ಲ ಹೊರಟ ಮೇಲೆ, ನೆಟ್ಟಗೆ ಸ್ಕೂಲಿಗೆ ನುಗ್ಗಿದಳು.

"ನನ್ ಕನಸು ನಂಗೆ ಕೊಟ್ಬಿಡಮ್ಮ. ನಿಮ್ ಜಾತ್ರೆಗೆ ನನ್ ಮಗಳೇ ಬೇಕಾಗಿದ್ಳಾ?" ಅಂದವಳು ಜಗಲಿ ಮೇಲೆ ಕುಸಿದು ಕೂತು ಗೊಳೋ ಅಂತ ಅತ್ತಳು.

ಅನಸೂಯಮ್ಮ ಚಂದ್ರಿಕೆಯಿಂದ ಹಾಳೆ ಬಿಡಿಸಿ ತಂದು, "ತಪ್ಪಾಯ್ತಮ್ಮ, ನಂಗೊತ್ತಿರ್ಲಿಲ್ಲ. ತಗೊಳ್ಳಿ" ಅಂದರು.

"ತಗೊಂಡು ಏನ್ ಮಾಡ್ಲಿ? ಓದಕ್ಕೆ ಬರ್ತದಾ ನಂಗೆ?"

ಟೀಚರ್ ಪಕ್ಕದಲ್ಲೇ ಕೂತು ಮೆಲ್ಲಗೆ ಓದಿದರು. ಜಗಲಿಯ ಮೇಲೆ ಸಂಜೆ ಬಿಸಿಲು ಇಳಿಯುತ್ತಿತ್ತು. ಅಕ್ಕಯಮ್ಮ ಕಣ್ಣು ಮುಚ್ಚಿದಳು. ಮರ ಬಂತು, ಹೂವು ಬಂತು, ಆಡುವ ಕಾಲು ಬಂತು. ತೆಲುಗಿನ ಗಂಗ ಸ್ಕೂಲಿನ ಕನ್ನಡ ಮಾತಾಡುತ್ತಿದ್ದಳು, ಆದರೂ ಅವಳೇ.

"ಹಣ್ಣು ನನ್ನ ಅಜ್ಜಿಯ ಸೆರಗಿಗೆ ಬಿದ್ದಿತು" ಅಂತ ಓದಿದರು ಟೀಚರ್.

ಅಕ್ಕಯಮ್ಮ ಥಟ್ಟನೆ ಕಣ್ಣು ಬಿಟ್ಟಳು. "ಬೀಳಲ್ಲ ಅದು. ನಾನು ಹಂಗೆ ಹೇಳೇ ಇಲ್ಲ."

"ಇಲ್ಲಿ ಬರೆದಿದ್ದಾಳಮ್ಮ. ಕೇಳಿ. 'ಅಜ್ಜಿ ಅದನ್ನು ತಿನ್ನಲು ಹೋದಳು. ಆಗ ನನ್ನ ತಾಯಿ, ಅದು ನಿನಗಲ್ಲ ಅಮ್ಮ, ನನ್ನ ಮಗಳಿಗೆ, ಅವಳದು ಊಟವಾಯಿತೇ ಎಂದು ಕೇಳಿದರು. ಇಲ್ಲಿಗೆ ನನ್ನ ಕನಸು ಮುಗಿಯಿತು.'"

ಇಷ್ಟು ವರ್ಷದಿಂದ ಅಕ್ಕಯಮ್ಮ ದಿನಾ ಬೆಳಿಗ್ಗೆ ಆ ಮಗುವಿನೆದುರು ಕೂತು, ಆ ಮಗು ಇನ್ನೂ ಹುಟ್ಟೇ ಇರದ ಕನಸನ್ನ ಹೇಳಿದ್ದಳು. ಪುಟ್ಟ ಗಂಗನಿಗೆ ಮಗಳೆಲ್ಲಿ? ತನಗೆ ಜಾಗವೇ ಇಲ್ಲದ ಕನಸನ್ನ ಹುಡುಗಿ ಮುದ್ದೆ ಮುರಿಯುತ್ತ ಸುಮ್ಮನೆ ಕೇಳಿಸಿಕೊಂಡಿತ್ತು. ಅಯ್ಯೋ ನನ್ನ ಕಂದ, ಅನ್ನಿಸಿತು ಅವಳಿಗೆ.

"ಅಲ್ಲೇ ಸಿಕ್ಕಿಸಿಬಿಡಮ್ಮ" ಅಂದಳು. "ಇರಲಿ. ಓದ್ಲಿ ಎಲ್ಲಾರೂ."

ಮಾರನೇ ಬೆಳಿಗ್ಗೆಯೂ ಗಂಗ ಬರಲಿಲ್ಲ. ಕೋಳಿ ಕೂಗಿತು. ಅಕ್ಕಯಮ್ಮ ಎದ್ದು ಒಲೆ ಹಚ್ಚಿದಳು. ರತ್ನಿ ಬಂದು ಎದುರಿಗೆ ಕೂತಳು.

"ಬಂದಿದ್ಳು ಕಣೇ" ಅಂದಳು ಅಕ್ಕಯಮ್ಮ.

ರತ್ನಿ ತಲೆ ಎತ್ತಿದಳು. "ಆಮೇಲೆ?"

"ಹಣ್ಣು ಬಿತ್ತು. ನಿಂಗಲ್ಲಮ್ಮ, ರತ್ನಿಗೆ ಅಂದ್ಳು."

ಹುಡುಗಿ ಅಜ್ಜಿಯ ಹತ್ತಿರಕ್ಕೆ ಸರಿಯಿತು.

"ನನ್ ಹೆಸರು ಹೆಂಗೆ ಗೊತ್ತು ಅಮ್ಮಂಗೆ?"

"ಕೇಳಿದ್ಳು, ಹೇಳ್ದೆ" ಅಂದಳು ಅಕ್ಕಯಮ್ಮ. "ಮೇಲೆ ಕೂತಿದ್ಳಲ್ಲ, ಕೂಗಿ ಹೇಳ್ದೆ."