ನೀಲಗಂಗವ್ವನ ಒಪ್ಪತ್ತು

ಕನ್ನಡ ನಾಡು ಒಂದಾದ ಮರುವರ್ಷ ಬನವಾಸಿಯ ನೀಲಗಂಗವ್ವನ ಮಗಳು ಬಾಣಂತಿತನದಲ್ಲೇ ತೀರಿಕೊಂಡಳು. ಕೂಸು ಅಜ್ಜಿಯ ಮಡಿಲಿಗೆ ಬಂತು. ಅಂದಿನಿಂದ ಮುದುಕಿ ಒಪ್ಪತ್ತು ಹಿಡಿದಳು. ಸಂಜೆ ಲಿಂಗಪೂಜೆ ಮುಗಿಸಿ, ಕೂಸು ಮಲಗಿದ ಮೇಲೆ, ಒಲೆಯ ಕಡೆ ಮುಖ ಮಾಡಿ ನಾಲ್ಕು ತುತ್ತು ಉಣ್ಣುವಳು. ಊರವರು ಕೊಂಡಾಡಿದರೆ ಬೇಡವೆನ್ನುತ್ತಿದ್ದಳು. ಕಿವಿ ಮಾತ್ರ ಆ ಮಾತಿನತ್ತಲೇ ಇರುತ್ತಿತ್ತು.

ಆಕಳ ಹಾಲಿನಲ್ಲಿ ಬೆಳೆದ ಕೂಸು ಹತ್ತು ತಿಂಗಳಾದರೂ ಅನ್ನ ಮುಟ್ಟಲೊಲ್ಲದು. ಮೆತ್ತಗೆ ಹಿಚುಕಿ ತುಪ್ಪ ಕಲಸಿದರೂ ತುಟಿ ಬಿಗಿಯುವುದು, ಉಗುಳುವುದು. ಅಳಿಯನ ಊರು ಹಾನಗಲ್ಲಿಗೆ ಹೋಗುವವರ ಕೈಲಿ ಮಾತ್ರ ಆಕೆ, 'ಬಟ್ಟಲು ತುಂಬ ಉಣ್ಣುತ್ತದೆ' ಎಂದು ಹೇಳಿ ಕಳಿಸುತ್ತಿದ್ದಳು. ಸೊರಗಿದೆಯೆಂದು ತಿಳಿದರೆ ಅಲ್ಲಿಂದ ಅಳಿಯನ ತಾಯಿ ಗುರುಶಾಂತವ್ವ ಬಂದು ಕೂಸನ್ನು ಒಯ್ದುಬಿಡುವಳೆಂಬ ಹೆದರಿಕೆ.

ಒಂದು ಮಧ್ಯಾಹ್ನ ಗುರುಶಾಂತವ್ವ ಬಂದೇಬಿಟ್ಟಳು. ಕೂಸಿನ ತೋಳು ಹಿಡಿದು ನೋಡಿದಳು.

"ಬಟ್ಟಲು ತುಂಬ ಉಣ್ಣೂ ಕೂಸಿನ ತೋಳು ಹಿಂಗಿರ್ತಾವೇನ್ರಿ ಬೀಗಿತಿ? ಉಣ್ಣಸ್ರಿ, ನೋಡ್ತೀನಿ."

ನೀಲಗಂಗವ್ವ ಕೂಸನ್ನು ಕಾಲ ಮೇಲೆ ಮಲಗಿಸಿ, ಗಲ್ಲ ಒತ್ತಿ ತುತ್ತು ತುರುಕಿದಳು. ಕೂಸು ಕೆಮ್ಮಿ, ಕೆಂಪಾಗಿ, ಎಲ್ಲವನ್ನೂ ಕಾರಿತು.

"ಬಿಡ್ರಿ, ಜೀವ ಹೋದೀತು!" ಗುರುಶಾಂತವ್ವ ಎತ್ತಿಕೊಂಡಳು. "ನೀವು ಉಣ್ಣೂದನ್ನರ ಇದು ನೋಡೇತೇನು?"

"ನಂದು ಒಪ್ಪತ್ತು. ಅದು ಮಲಗಿದ ಮ್ಯಾಲೆ."

"ಛಲೋ ಆತು. ಬಾಯಿ ಯಾಕ ಐತಿ ಅಂತ ಅದಕ್ಕ ಗ್ವಾಡಿ ಬಂದು ತೋರಸ್ಬೇಕೇನು? ಈಗ ಉಣ್ರಿ, ಅದರ ಮುಂದ."

"ಮಗಳ ಸಲುವಾಗಿ ಹಿಡದೀನ್ರಿ. ಹ್ಯಾಂಗ ಮುರೀಲಿ?"

"ಹಂಗಾದ್ರ ವ್ರತ ನೀವು ಇಟ್ಕೊಳ್ರಿ, ಕೂಸು ನನಗ ಕೊಡ್ರಿ."

ಗುರುಶಾಂತವ್ವನೇ ತಟ್ಟೆಗೆ ಬಡಿಸಿದಳು. ನೀಲಗಂಗವ್ವ ಶಿವನನ್ನು ನೆನೆದು ಒಂದು ತುತ್ತು ಬಾಯಿಗಿಟ್ಟಳು. ಬಿಸಿ ಅನ್ನ, ತೊವ್ವೆ, ತುಪ್ಪ. ಬಾಯಲ್ಲಿ ನೀರೂರಿತು. ಎರಡನೆಯ ತುತ್ತು, ಮೂರನೆಯದು. ಕೈ ತಾನಾಗಿ ಓಡಿತು. ಮಗಳು ಸತ್ತು ವರ್ಷ ತುಂಬಿಲ್ಲ, ಅನ್ನ ಇಷ್ಟು ರುಚಿ! ಅವಳಿಗೆ ತಲೆ ಎತ್ತಲಾಗಲಿಲ್ಲ.

ಕೂಸು ಬೀಗಿತಿಯ ತೊಡೆಯಿಂದ ಜಾರಿ ಅಂಬೆಗಾಲಿಟ್ಟು ಬಂದು ಅಜ್ಜಿಯ ಬಾಯನ್ನೇ ನೋಡಿತು. ಅವಳು ಅಗಿದಂತೆ ಬರಿಬಾಯಿ ಅಗಿಯಿತು. ಆಮೇಲೆ ತಟ್ಟೆಗೆ ಕೈಹಾಕಿ, ಮುಷ್ಟಿಯಲ್ಲಿ ಸಿಕ್ಕಷ್ಟು ಅನ್ನವನ್ನು ಬಾಯಿಗೊತ್ತಿಕೊಂಡು ನುಂಗಿತು.

"ನಾನು ಸುಳ್ಳು ಹೇಳಿ ಕಳಿಸ್ತಿದ್ದೆ, ಬೀಗಿತಿ," ಎಂದಳು ನೀಲಗಂಗವ್ವ, ತಟ್ಟೆ ನೋಡುತ್ತಲೇ.

"ಗೊತ್ತೈತಿ. ನಾ ಒಯ್ಯೂದಿಲ್ಲ, ಎರಡೂ ಹೊತ್ತು ಹಿಂಗ ಕುಂತು ಉಂಡ್ರ. ನಿಲ್ಲಸಬ್ಯಾಡ್ರಿ, ಅದು ನೋಡಾಕತ್ತೇತಿ."

ನಾಚಿಕೆಯನ್ನೂ ಅನ್ನವನ್ನೂ ಒಟ್ಟಿಗೆ ನುಂಗಿ, ನೀಲಗಂಗವ್ವ ಮುಂದಿನ ತುತ್ತಿಗೆ ಬಾಯಿ ದೊಡ್ಡದಾಗಿ ತೆರೆದಳು.