ಹುಲ್ಲು ಸಾಯುವ ಮದ್ದು

"ದನ ಕಟ್ಟಿಯಾಯ್ತಾ? ನಾಯಿ ಒಳ್ಗ್ ಹಾಕಿಯಾಯ್ತಾ? ಕೋಳಿ ಗೂಡಂಗ್ ಇತ್ತಾ? ಕಣ್ಣ್ ಬಿಟ್ಕಂಡ್ ಎಂತ ಕಾಂತೆ, ಬೇವರ್ಸಿ! ಬಾಯ್ ಇಲ್ಯಾ ನಿಂಗೆ?"

ಜಗಲಿಯ ಮೇಲಿಂದ ಗುಣಪಾಲ ಹೆಗ್ಡೆ ಕೂಗಿದರು. ಅಂಗಳದ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದ ಐತ ತಲೆಯಾಡಿಸಿದ. "ಎಲ್ಲ ಆಯ್ತ್ ಒಡೆಯಾ."

ಐತ ಆ ಮನೆಯ ಮೂಲದಾಳು. ಅವನ ಅಪ್ಪ, ಅಜ್ಜ ಎಲ್ಲ ಇದೇ ಹೆಗ್ಡೆಯವರ ಗದ್ದೆಯಲ್ಲಿ ದುಡಿದು ಇಲ್ಲೇ ಸತ್ತವರು. ಪ್ರತಿ ವರ್ಷ ಮಳೆ ನಿಂತ ಮೇಲೆ ಐತನೂ ಅವನ ಹೆಂಡತಿ ಚಿಕ್ಕುವೂ ಎಂಟು ದಿನ ಕುಕ್ಕರಗಾಲಲ್ಲಿ ಕೂತು ಅಂಗಳದ ಹುಲ್ಲು ಕೆತ್ತುತ್ತಿದ್ದರು. ಈ ವರ್ಷ ಹೆಗ್ಡೆಯವರ ಮಗಳ ಮದುವೆ. ಬಾರ್ಕೂರಿನಿಂದ ದಿಬ್ಬಣ ಬರುವುದಿತ್ತು. ಕೆತ್ತಿದ ಹುಲ್ಲು ಮದುವೆಯ ಹೊತ್ತಿಗೆ ಮತ್ತೆ ತಲೆಯೆತ್ತಿದರೆ ಮರ್ಯಾದೆ ಏನಾಗಬೇಕು? ಘಟ್ಟದ ಮೇಲೆ ಬಿಳಿಯ ದೊರೆಯೊಬ್ಬನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಕ್ಕನ ಮಗ ಶೇಖರ, ತಲೆಬುರುಡೆಯ ಚಿತ್ರವಿದ್ದ ಒಂದು ಡಬ್ಬ ತಂದಿದ್ದ.

"ಪಾಷಾಣದ ಮದ್ದ್ ಮಾವ. ಬೇರ್ ಸಮೇತ ಸಾಯ್ತ್. ಆರೆ ಇದ್ಕೆ ಹುಲ್ಲ್ ಯಾವ್ದ್, ಹೂಗಿನ್ ಗಿಡ ಯಾವ್ದ್ ಗೊತ್ತಿಲ್ಲೆ. ಬಿದ್ದಲ್ಲೆಲ್ಲ ಸಾವೇ."

ಡಬ್ಬದ ಜೊತೆಗಿದ್ದ ಇಂಗ್ಲಿಷಿನ ಕಾಗದವನ್ನು ಶೇಖರ ಓದಿ ಹೇಳುತ್ತಾ ಹೋದ. ಇಬ್ಬನಿ ಆರಿದ ಮೇಲೆ, ಬಿಸಿಲಿನಲ್ಲಿ ಚಿಮುಕಿಸಬೇಕು. ಗಾಳಿ ಇರುವಾಗ ಕೂಡದು. ಬಾವಿಯಿಂದ ಹತ್ತು ಮಾರು ದೂರವಿರಬೇಕು. ಹದಿನೈದು ದಿನ ದನಕರು ಅಂಗಳಕ್ಕೆ ಬರಬಾರದು. ಒಂದೊಂದು ಮಾತಿಗೂ ಹೆಗ್ಡೆಯವರು ತಲೆದೂಗಿ ಅಪ್ಪಣೆ ಕೊಟ್ಟರು. ತುಳಸಿಕಟ್ಟೆಗೆ ಚಾಪೆ ಸುತ್ತಿಸಿದರು. ಚಿಕ್ಕುವಿನ ಕೈಯಲ್ಲಿ ಮಲ್ಲಿಗೆ ಗಿಡಗಳಿಗೆ ಗೋಣಿ ಕಟ್ಟಿಸಿದರು.

"ಕೈಗೆ ರಬ್ಬರಿನ ಚೀಲ ಹಾಯ್ಕಣ್ಕ್ ಅಂದೇಳಿ ಬರ್ದಿತ್ ಮಾವ. ಗಾಯಕ್ಕ್ ತಾಗುಕಾಗ ಅಂಬ್ರ್. ಕೆಲ್ಸ ಮುಗ್ದ್ ಕೂಡ್ಲೆ ಸಾಬೂನ್ ಹಾಕಿ ತೊಳಿಕ್."

"ಯಾರ್ ಕೈಗೆ?"

ಶೇಖರ ಐತನ ಕಡೆ ನೋಡಿದ. ಹೆಗ್ಡೆಯವರು ನಕ್ಕರು.

"ಇವ್ನ್ ಕೈಗಾ? ಅದ್ ಕೈ ಅಲ್ಲ ಮಾರಾಯ, ಗೊರ್ಸ್. ಅದ್ ಬರ್ದದ್ದ್ ಬಿಳಿ ತೊಗ್ಲಿನೋರಿಗೆ."

ಒಳಗಿಂದ ಕಾಫಿ ಬಂತು. ಶೇಖರ ಕಾಗದ ಮಡಚಿ ಲೋಟ ಎತ್ತಿಕೊಂಡ.

ಕೊಯ್ಲು ಆಗಷ್ಟೇ ಮುಗಿದಿತ್ತು. ಐತನ ಬೆರಳುಗಳಲ್ಲಿ ಕತ್ತಿಯ ಗಾಯ ಇನ್ನೂ ಹಸಿಯಾಗಿತ್ತು, ಅಂಗೈ ಒಡೆದಿತ್ತು. ಅವನು ಹಳೆಯ ಮಣ್ಣಿನ ಕೊಡದಲ್ಲಿ ಮದ್ದು ಕಲಸಿ, ತೆಂಗಿನ ಕಡ್ಡಿಯ ಹಿಡಿಸೂಡಿ ಅದ್ದಿ ಅದ್ದಿ ಹುಲ್ಲಿನ ಮೇಲೆ ಚಿಮುಕಿಸಿದ. ನೀರು ಮೊಣಕೈತನಕ ಇಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಅಂಗಳ ಮುಗಿದಾಗ ಕೈ ಕೆಂಡದ ಹಾಗೆ ಆಗಿತ್ತು.

"ಒಡೆಯಾ, ಕೈ ಉರಿತ್ತ್. ಒಂದ್ ಚೆಂಬ್ ನೀರ್ ಹೊಯ್ಸಿ."

"ಮದಿ ಮನಿ ಇದ್. ನಿಂಗ್ ನೀರ್ ಹೊಯ್ಕಂಡ್ ಕೂಕಂಬುಕೆ ಇಲ್ಲ್ ಯಾರಿಗ್ ಪುರ್ಸೊತ್ತಿತ್?"

"ಹಂಗಾರೆ ಕೆರಿಯಂಗ್ ತೊಳ್ಕಂತೆ."

"ಕೆರಿಯಂಗಾ! ದನ ನೀರ್ ಕುಡುದ್ ಎಲ್ಲಿ, ನಿನ್ ಅಪ್ಪನ್ ತಲಿಯಂಗಾ? ಬಾವಿ ನೀನ್ ಮುಟ್ಟುಕಾಗ, ಕೆರಿ ಮದ್ದ್ ಮುಟ್ಟುಕಾಗ. ಮಣ್ಣಿಗ್ ಉಜ್ಜ್, ಹೋತ್ತ್!"

ಐತ ಮಣ್ಣಿಗೆ ಉಜ್ಜಿದ. ಆಮೇಲೆ ಹಟ್ಟಿಯ ಹಿಂದೆ ಕೂತು, ಮೇಲಿಂದ ಅಡಕೆ ಹಾಳೆಗೆ ಸುರಿದ ಗಂಜಿಯನ್ನು ಅದೇ ಕೈಯಲ್ಲಿ ಉಂಡ. ಉಪ್ಪಿನಕಾಯಿ ಹತ್ತಿದ ಬೆರಳನ್ನು ನೆಕ್ಕಿದ. ಹಸಿವಿತ್ತು.

ಉಂಡ ಸ್ವಲ್ಪ ಹೊತ್ತಿಗೇ, ಮತ್ತೆ ಕೊಡ ಮುಟ್ಟುವ ಮೊದಲೇ ವಾಂತಿ ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಹೊರಳಾಡಿದ. ಗಂಟಲು ಸುಡುತ್ತದೆ ಎಂದ. ಚಿಕ್ಕು ಕೊಟ್ಟ ನೀರೂ ಒಳಗೆ ನಿಲ್ಲಲಿಲ್ಲ. ಮರುದಿನ ಬಿಸಿಲೇರುವಷ್ಟರಲ್ಲಿ ಸತ್ತ.

ಊರ ಪಟೇಲರು ಕೇರಿಗೆ ಬಂದವರು ಬೇಲಿಯಾಚೆಯೇ ನಿಂತರು.

"ಎಂತ ಆಯ್ತ್?"

"ಮದ್ದ್, ಒಡೆಯಾ. ಹೆಗ್ಡೇರ್ ಮನಿ ಹುಲ್ಲಿನ್ ಮದ್ದ್," ಎಂದಳು ಚಿಕ್ಕು.

"ಬಾಯ್ ಮುಚ್ಚ್! ಮದಿ ಮನಿ ಹೆಸ್ರ್ ತೆಗಿತ್ಯಾ? ಕಾರಿದ್ದ, ಹೇತಿದ್ದ. ವಾಂತಿಭೇದಿ," ಎಂದು ಪಟೇಲರು ಬರೆದುಕೊಂಡು ಹೋದರು. ಕೇರಿಯಲ್ಲಿ ಇನ್ನೊಬ್ಬರಿಗೂ ವಾಂತಿಯಾಗಿರಲಿಲ್ಲ.

ನಾಲ್ಕನೆಯ ದಿನ ಚಿಕ್ಕುವಿಗೆ ಕರೆ ಬಂತು. ಅಂಗಳದ ಅರ್ಧ ಹಸಿರಾಗಿಯೇ ಇತ್ತು. ಐತ ಚಿಮುಕಿಸಿದ ಅರ್ಧ ಬೆಂಕಿ ಹಾಯಿಸಿದಂತೆ ಕಂದಿ ನೆಲಕ್ಕೆ ಮಲಗಿತ್ತು.

"ಕಾಣ್, ಎಷ್ಟ್ ಚಂದ ಸತ್ತಿತ್!" ಎಂದರು ಹೆಗ್ಡೆ. ಒಣಗಿ ಕೆಂಪಾದ ಹುಲ್ಲನ್ನು ಮೆಟ್ಟಿನ ತುದಿಯಿಂದ ಕೆದರಿ ನೋಡಿದರು. "ನಿನ್ ಗಂಡ ಅರ್ಧಕ್ಕ್ ಬಿಟ್ಟ್ ಹೋಯ್ದ. ಉಳ್ದದ್ದ್ ನೀನ್ ಮುಗ್ಸ್. ಆತಿಲ್ಲೆ ಅಂದ್ರೆ ಇವತ್ತೇ ಗುಡ್ಸ್ಲ್ ಬಿಚ್ಚ್."

ಚಿಕ್ಕು ಅವರ ಮುಖ ನೋಡಿದಳು. ಹಾಗೆ ನೋಡುವ ರೂಢಿ ಅವಳಿಗಿರಲಿಲ್ಲ.

"ಕೈಗ್ ಸುತ್ತುಕೆ ಒಂದ್ ಗೋಣಿ ಕೊಡಿ. ಮಲ್ಲಿಗಿ ಗಿಡಕ್ಕ್ ಕಟ್ಟಿದ್ದ್ ಒಂದಾದ್ರೂ."

"ಅದ್ ತೆಗ್ದ್ರೆ ಗಿಡ ಸಾಯ್ತಿಲ್ಯಾ, ಮುಂಡೆ?"

ಮುಂಡೆ ಎಂಬ ಮಾತು ಅವಳಿಗೆ ಈಗ ಬರಿಯ ಬೈಗುಳವಾಗಿರಲಿಲ್ಲ. ಚಿಕ್ಕು ಕೊಡ ಎತ್ತಿಕೊಂಡಳು.

ಶೇಖರ ಅಂದು ಓದಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಇಬ್ಬನಿ ಆರುವತನಕ ಕಾದಳು. ಗಾಳಿಗೆ ಬೆನ್ನು ಕೊಟ್ಟು ನಿಂತಳು. ಸೀರೆ ಎತ್ತಿ ಕಟ್ಟಿ, ಚಿಮುಕಿಸಿದ ಜಾಗ ತುಳಿಯದೆ ಹಿಂದೆ ಹಿಂದೆ ಸರಿಯುತ್ತಾ ಬಂದಳು. ಕಾಲಿಗೆ ತೊಟ್ಟೂ ತಾಗಲಿಲ್ಲ. ಕೈಯನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಒಂದು ಎಸಳು ಹುಲ್ಲೂ ಬಿಡದೆ ಕೆಲಸ ಮುಗಿಸಿ ಕೊಡ ಕೆಳಗಿಟ್ಟಳು.

ಆಮೇಲೆ ನೇರ ಬಾವಿಯ ಕಡೆ ನಡೆದಳು.

"ಏಯ್! ಎಲ್ಲಿಗ್ ಹೋತೆ?"

"ಕೈ ತೊಳುಕೆ."

"ಬಾವಿಕಟ್ಟಿ ಹತ್ರ ಹೋಪುಕಾಗ! ಏಯ್ ಹೊಲೆ ರಂಡೆ!"

ಅವಳು ಕಟ್ಟೆ ಹತ್ತಿದಳು. ಮದ್ದು ಹಗ್ಗಕ್ಕೆ ಹತ್ತದ ಹಾಗೆ ಕೈಗೆ ಸೆರಗು ಸುತ್ತಿಕೊಂಡು ತಾಮ್ರದ ಕೊಡ ಇಳಿಸಿದಳು. ರಾಟೆ ಕಿರುಗುಟ್ಟಿತು. ತುಂಬಿದ ಕೊಡವನ್ನು ಬಾವಿಯಿಂದ ದೂರ ಒಯ್ದು, ಸ್ನಾನದ ಕಲ್ಲಿನ ಮೇಲಿಟ್ಟಳು. ಅಲ್ಲಿ ಮದುಮಗಳ ಚಂದನದ ಸಾಬೂನಿತ್ತು. ಅದನ್ನೂ ತೆಗೆದುಕೊಂಡಳು.

"ಎಳ್ಕಂಡ್ ಬನ್ನಿರಾ ಅದ್ನ!" ಹೆಗ್ಡೆಯವರ ದನಿ ಒಡೆಯಿತು.

ಚಪ್ಪರ ಕಟ್ಟುತ್ತಿದ್ದ ಇಬ್ಬರು ಗಂಡಸರು ಓಡಿ ಬಂದರು. ಚಿಕ್ಕು ತಿರುಗಿ, ಸೆರಗು ಬಿಚ್ಚಿ, ಮದ್ದು ಮೆತ್ತಿದ್ದ ಎರಡೂ ಕೈಗಳನ್ನು ಮುಂದೆ ಚಾಚಿದಳು.

"ಬನ್ನಿ. ಮುಟ್ಟಿ ಕಾಂಬ."

ಇಬ್ಬರೂ ನಿಂತಲ್ಲೇ ನಿಂತರು. ಶೇಖರ ಜಗಲಿಯಿಂದ, "ಮುಟ್ಬೇಡಿ, ಮುಟ್ಬೇಡಿ!" ಎಂದು ಕೂಗಿದ.

ಚಿಕ್ಕು ಸಾಬೂನನ್ನು ಬೆರಳ ಸಂದಿಗೆ, ಉಗುರಿಗೆ, ಮೊಣಕೈತನಕ ಉಜ್ಜಿದಳು. ಬಿಳಿ ನೊರೆ ಕಲ್ಲಿನ ಮೇಲಿಂದ ಇಳಿಯಿತು. ಯಾರೂ ಕದಲಲಿಲ್ಲ. ಕೊಡ ಖಾಲಿಯಾಯಿತು. ಕೈ ಇನ್ನೂ ಉರಿಯುತ್ತಿತ್ತು. ಅವಳು ಕೊಡ ಎತ್ತಿಕೊಂಡು ಮತ್ತೆ ಬಾವಿಕಟ್ಟೆ ಹತ್ತಿದಳು.