ಹಂಡೆಯ ಶ್ರುತಿ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ದಿನವಿಡೀ ಕೂರುವ ಆ ಹೆಂಗಸಿಗೆ ಮನೆಯಲ್ಲೂ ಹೊರಗೂ ಇದ್ದ ಹೆಸರು ಹಂಡೆ. ಹಂಡೆಯೊಳಗೆ ತಲೆಯಿಟ್ಟು ಮಾತಾಡಿದಂಥ ದನಿ ಅವಳದು. ಅಂಗಡಿಯ ಫೋನ್ ಎತ್ತಿ ಹಲೋ ಅಂದರೆ ಆ ಕಡೆಯವರು ‘ಸರ್’ ಎಂದೇ ಶುರುಮಾಡುತ್ತಿದ್ದರು. ಅದನ್ನು ತಿದ್ದುವುದನ್ನು ಅವಳು ಎಂದೋ ಬಿಟ್ಟಿದ್ದಳು.

ಸಂಜೆಯಾದರೆ ಹಾಡುತ್ತಿದ್ದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ತಮ್ಮ ಡ್ರಮ್ಸ್ ಬಾರಿಸುತ್ತಿದ್ದ. ಹೈಸ್ಕೂಲಿನ ಗಣಿತದ ಮೇಷ್ಟ್ರು ಕೀಬೋರ್ಡ್ ನುಡಿಸುತ್ತ ಹಾಡುಗಳನ್ನೂ ಕಟ್ಟುತ್ತಿದ್ದರು. ಗಿಟಾರಿಗೆ ಒಬ್ಬ ಬಡಗಿ. ಅವನ ಶೆಡ್ಡಿನ ಮಹಡಿಯಲ್ಲೇ ಅಭ್ಯಾಸ. ಅವರದು ಪ್ರೋಗ್ರೆಸಿವ್ ರಾಕ್ ತಂಡ. ಮೇಷ್ಟ್ರ ಹಾಡು ಮೂರು ನಿಮಿಷಕ್ಕೆ ಮುಗಿಯುವ ಮಾತೇ ಇಲ್ಲ. ಹೊಸದು ಹದಿನೆಂಟು ನಿಮಿಷದ್ದು. ಏಳೆಣಿಕೆಯ ತಾಳದಲ್ಲಿ ಹೊರಟು ಐದಕ್ಕೆ ಹಾರಿ, ನಡುವೆ ಹನ್ನೊಂದಕ್ಕೆ ಹೋಗಿ, ಕೊನೆಯಲ್ಲಿ ಏಣಿ ಹತ್ತಿದಂತೆ ಮೇಲೇರುತ್ತಿತ್ತು. ತೊಂದರೆ ಇದ್ದದ್ದು ಆ ಏಣಿಯಲ್ಲೇ. ಬಿಟ್ಟುಹೋದ ಹಳೆಯ ಗಾಯಕನದು ತೆಳ್ಳಗಿನ, ಎತ್ತರದ ದನಿ. ಮೇಷ್ಟ್ರ ಕಿವಿಯಲ್ಲಿ ಇನ್ನೂ ಅದೇ ಕೂತಿತ್ತು. ಹಂಡೆ ಎರಡು ವರ್ಷ ಕತ್ತು ಚಾಚಿ, ತುದಿಗಾಲಲ್ಲಿ ನಿಂತು ಹಳೆಯ ಹಾಡುಗಳಲ್ಲೂ ಆ ಎತ್ತರ ಮುಟ್ಟಿದ್ದಳು.

ಹೊಸ ಹಾಡಿನ ಕಾರ್ಯಕ್ರಮಕ್ಕೆ ಒಂದು ತಿಂಗಳಿದೆ ಎನ್ನುವಾಗ ಗಂಟಲು ಕೈಕೊಟ್ಟಿತು. ವೈದ್ಯೆ ಪರೀಕ್ಷಿಸಿ, "ಒಳಗೆ ಸಣ್ಣ ಗಂಟು ಎದ್ದಿವೆ. ನಿಮ್ಮದಲ್ಲದ ಎತ್ತರಕ್ಕೆ ಎಳೆದಾಡಿದ್ದೀರಿ. ಎರಡು ವಾರ ಬಾಯಿ ಬಿಚ್ಚೋ ಹಾಗಿಲ್ಲ. ಪಿಸುಗುಟ್ಟೋದೂ ಬೇಡ," ಎಂದರು.

ಮಾತು ನಿಂತ ಮೇಲೆ ಕೈಕಾಲು ನಿಲ್ಲಲಿಲ್ಲ. ತಟ್ಟೆಯ ಅಂಚಿನ ಮೇಲೆ ಬೆರಳಲ್ಲಿ ಏಳು ಎಣಿಸುವಳು, ಕಪಾಟಿನ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದು ಮತ್ತೆ ಮಡಿಸುವಳು, ಮಡಿಸಿದ್ದು ಸರಿಬಾರದೆ ಮತ್ತೆ ಸುರಿಯುವಳು.

"ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕೆ ಸುತ್ತುತೀಯೆ? ಒಂದು ಕಡೆ ಕೂತ್ಕೊಳ್ಳೇ!" ಎಂದು ಅಮ್ಮ ಗದರಿದರೆ ತಿರುಗಿ ಹೇಳಲೂ ಆಗದು. "ಇರ್ಲಿ ಬಿಡಮ್ಮ, ಮನೆಗೆ ಈಗ ನೆಮ್ಮದಿ ಬಂದಿದೆ," ಎಂದು ನಕ್ಕ ತಮ್ಮನ ಮೇಲೆ ಚಮಚ ಹಾರಿತು.

ಎರಡನೆಯ ವಾರ ಮೇಷ್ಟ್ರು ಎಲ್ಲರನ್ನೂ ಶೆಡ್ಡಿಗೆ ಕರೆಸಿದರು. ಹಂಡೆ ಹಿಂದೆಂದೋ ಕೆಳಗಿನ ಶ್ರುತಿಯಲ್ಲಿ ಸುಮ್ಮನೆ ಗುನುಗಿದ್ದನ್ನು ಲ್ಯಾಪ್‌ಟಾಪಿಗೆ ಹಾಕಿ, ಅದರಲ್ಲೇ ದನಿಯನ್ನು ಮೇಲೆತ್ತಿದ್ದರು.

"ನೀನು ನಿನ್ನ ಪಾಡಿಗೆ ಕೆಳಗೇ ಹಾಡಮ್ಮ. ಮೇಲೆತ್ತೋದನ್ನ ಯಂತ್ರ ನೋಡ್ಕೊಳ್ಳುತ್ತೆ. ಗಂಟಲಿಗೂ ಆರಾಮ, ಹಾಡಿಗೂ ಆರಾಮ."

ಕೇಡು ಬಗೆದು ಮಾಡಿದ್ದಲ್ಲ. ಆದರೆ ಸ್ಪೀಕರ್ ಪೆಟ್ಟಿಗೆಯಿಂದ ಹೊರಟ ದನಿ ನೂಲಿನಂತೆ ನುಣ್ಣಗಿತ್ತು, ಎಲ್ಲೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. "ಏನು ಚೆನ್ನಾಗಿದೆ!" ಎಂದ ಬಡಗಿ. ಹಂಡೆ ಅವನ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಕಿತ್ತುಕೊಂಡು ಹಲಗೆಯ ಮೇಲೆ ಬರೆದಳು: ಇದು ಯಾರು?

"ನೀನೇ ಅಲ್ವೇನಮ್ಮ?" ಎಂದರು ಮೇಷ್ಟ್ರು.

ಅವಳು ಬರೆದದ್ದರ ಕೆಳಗೆ ಗೆರೆ ಎಳೆದಳು. ಮತ್ತೆ ಎಳೆದಳು. ಸೀಸ ಮುರಿಯಿತು.

ಎರಡು ವಾರ ಕಳೆದ ದಿನ ಅವಳು ಶೆಡ್ಡಿಗೆ ಬಂದು ಆಡಿದ ಮೊದಲ ಮಾತು: "ಮೇಷ್ಟ್ರೇ, ನನ್ನನ್ನ ಎತ್ತಬೇಡಿ, ಹಾಡನ್ನೇ ಇಳಿಸಿ."

"ಅಷ್ಟು ಇಳಿಸಿದ್ರೆ ನನ್ನ ಗಿಟಾರಿನ ತಂತಿ ಸಡಿಲಾಗಿ ಬಟ್ಟೆ ಒಣಗಿಸೋ ಹಗ್ಗ ಆಗುತ್ತೆ," ಎಂದ ಬಡಗಿ.

"ಕೊನೆ ಮೇಲೇರಲೇಬೇಕು. ಅದು ಬೆಟ್ಟ ಹತ್ತೋ ಹಾಡು ಕಣಮ್ಮ," ಎಂದರು ಮೇಷ್ಟ್ರು.

"ಹತ್ತಿದವರು ಇಳೀಬೇಕಲ್ವಾ? ಅದನ್ನ ಯಾಕೆ ಯಾರೂ ಬರೆಯಲ್ಲ?"

ಮೇಷ್ಟ್ರ ಮುಖ ಕೆಂಪಾಯಿತು. "ಎರಡು ವರ್ಷ ಹಾಡಿದೆಯಲ್ಲ, ಆಗ ಯಾಕೆ ಬಾಯಿ ಬಿಡ್ಲಿಲ್ಲ?"

"ಹೇಳಿದ್ರೆ ಕಳಿಸಿಬಿಡ್ತೀರಿ ಅಂತ ಹೆದರಿದ್ದೆ."

"ಈಗ?"

"ಈಗಲೂ ಹೆದರಿಕೇನೇ. ಆದ್ರೆ ಆ ಪೆಟ್ಟಿಗೆಯವಳ ಜೊತೆ ನಾನು ವೇದಿಕೆ ಹತ್ತಲ್ಲ."

ಮೇಷ್ಟ್ರು ಕೀಬೋರ್ಡಿಗೆ ಹೊದಿಕೆ ಹಾಕಿ ಮೆಟ್ಟಿಲಿಳಿದು ಹೋದರು. "ಅಕ್ಕ, ಆರು ವರ್ಷ ಕಟ್ಟಿದ್ದನ್ನ ಆರು ನಿಮಿಷದಲ್ಲಿ ಕೆಡವಿದೆ," ಎಂದ ತಮ್ಮ. ಅವಳಿಗೂ ಹಾಗೇ ಅನ್ನಿಸಿತ್ತು.

ನಾಲ್ಕು ದಿನ ಮೇಷ್ಟ್ರ ಸುದ್ದಿಯೇ ಇಲ್ಲ. ಹಂಡೆ ಎರಡು ಗಾಜು ಹಾಳುಮಾಡಿ ಮಾಲೀಕರಿಂದ ಬೈಸಿಕೊಂಡಳು. ಐದನೆಯ ದಿನ ಮಧ್ಯಾಹ್ನ ಮೇಷ್ಟ್ರು ಅಂಗಡಿಗೇ ಬಂದರು. ಕೈಯಲ್ಲಿ ಕಡ್ಡಿ ಮುರಿದ ಕನ್ನಡಕ.

"ಸಿಟ್ಟಲ್ಲಿ ಇದರ ಮೇಲೆ ಕೂತ್ಬಿಟ್ಟೆ," ಎಂದು ಅದನ್ನು ಕೊಟ್ಟು, ಜೇಬಿನಿಂದ ಮಡಿಸಿದ ಹಾಳೆಗಳನ್ನೂ ತೆಗೆದರು. ಕೊನೆಯ ಭಾಗ ಈಗ ಒಂದೊಂದೇ ಸ್ವರ ಕೆಳಗಿಳಿಯುತ್ತಿತ್ತು. "ಸರಿಯಾಗಿದೆ ಅಂತ ನಾನು ಹೇಳ್ತಿಲ್ಲ. ಹಾಡಿ ತೋರಿಸು."

ಅವಳು ಯಂತ್ರ ಆರಿಸಿ ಅಲ್ಲೇ ನಿಂತು ಹಾಡಿದಳು. ಮುಗಿಯುವಷ್ಟರಲ್ಲಿ ಹೊರಗಿನಿಂದ ಯಾರೋ ಗಿರಾಕಿ, "ಒಳಗಿರೋ ಸರ್‌ಗೆ ನನ್ನ ಕನ್ನಡಕ ಆಯ್ತಾ ಕೇಳಿ," ಎಂದು ಕೂಗಿದರು.

ಮೇಷ್ಟ್ರು ತಲೆ ತಗ್ಗಿಸಿಯೇ ಕೇಳುತ್ತಿದ್ದರು. "ಇನ್ನೆರಡು ಸ್ವರ ಕೆಳಗೆ ಹೋಗ್ತೀಯಾ?"

"ಬೆಳಗ್ಗೆ ಎದ್ದ ತಕ್ಷಣ ಆದ್ರೆ ಗಂಟಲು ದಪ್ಪ ಇರುತ್ತೆ, ಹೋಗ್ತೀನಿ."

"ಕಾರ್ಯಕ್ರಮ ಇರೋದು ಸಂಜೆ ನಾಲ್ಕಕ್ಕಲ್ವೇನಮ್ಮ!" ಎನ್ನುವಾಗ ಅವರಿಗೆ ನಗು ಬಂದೇಬಿಟ್ಟಿತು.

ಬಡಗಿ ಗೊಣಗುತ್ತಲೇ ದಪ್ಪ ತಂತಿ ತಂದು ಹಾಕಿಕೊಂಡ.

ಕಾರ್ಯಕ್ರಮದ ದಿನ ಗ್ರಂಥಾಲಯದ ಸಭಾಂಗಣದಲ್ಲಿ ಅರ್ಧ ಕುರ್ಚಿಗಳು ಖಾಲಿ. ಹತ್ತನೆಯ ನಿಮಿಷಕ್ಕೆ ಕೆಲವರು ಚಹಾ ಹುಡುಕಿಕೊಂಡು ಎದ್ದರು. ಹನ್ನೊಂದರ ಜಾಗದಲ್ಲಿ ಹಂಡೆ ತಡೆಯಲಾರದೆ ಎರಡು ಎಣಿಕೆ ಮೊದಲೇ ನುಗ್ಗಿದಳು. ತಮ್ಮ ಅವಳತ್ತ ನೋಡದೆಯೇ ಎರಡು ಪೆಟ್ಟು ನುಂಗಿ ಅವಳನ್ನು ಸೇರಿಕೊಂಡ. ಆಮೇಲೆ ಇಳಿಜಾರು. ಅಂಗಾಲು ಪೂರ್ತಿ ನೆಲಕ್ಕೂರಿ ಅವಳು ಒಂದೊಂದೇ ಸ್ವರ ಇಳಿದಳು. ಕೊನೆಯದು ಅರ್ಧ ದನಿ, ಅರ್ಧ ಉಸಿರು. ಮುಗಿಯಿತೆಂದು ಯಾರಿಗೂ ತಿಳಿಯದೆ ಚಪ್ಪಾಳೆ ತಡವಾಗಿ ಬಂತು.

"ಕೊನೆಗೆ ಮೇಲಕ್ಕೆ ಹೋಗುತ್ತೆ ಅಂತ ಕಾಯ್ತಾ ಇದ್ದೆ," ಎಂದರು ಒಬ್ಬರು ಮೇಷ್ಟ್ರ ಬಳಿ ಬಂದು.

"ನಾನೂ ಅಷ್ಟೇ," ಎಂದರು ಮೇಷ್ಟ್ರು. ಆದರೆ ಕಣ್ಣು ಹೊಳೆಯುತ್ತಿತ್ತು.

ಅಮ್ಮ ಮಾತ್ರ, "ನೀನು ಹಾಡ್ತಿದ್ದೀಯೋ ಇಲ್ವೋ ಗೊತ್ತಾಗ್ಲಿಲ್ಲ ಕಣೇ, ಆದ್ರೆ ಕುರ್ಚಿ ನಡುಗ್ತಿತ್ತು," ಎಂದಳು.

ಕೆಲಸದವರು ಕುರ್ಚಿ ಪೇರಿಸತೊಡಗಿದ್ದರು. ಹಂಡೆ ತಮ್ಮನ ತೋಳು ಹಿಡಿದೆಳೆದಳು. "ಆ ಹನ್ನೊಂದರ ಜಾಗ ಇನ್ನೊಂದ್ಸಲ ಬಾರಿಸೋ."

"ಡ್ರಮ್ಸ್ ಕಡ್ಡಿ ಚೀಲದೊಳಗಿದೆ ಅಕ್ಕ. ಮುಗೀತಲ್ಲ, ಬಿಡು."

"ಕೈಯಲ್ಲಿ ಬಾರಿಸು."

ಅವನು ನಿಟ್ಟುಸಿರು ಬಿಟ್ಟು ಸ್ಪೀಕರಿನ ಬೆನ್ನ ಮೇಲೆ ಬಾರಿಸಿದ. ಈ ಸಲ ಅವಳು ಸರಿಯಾದ ಎಣಿಕೆಗೇ ಬಂದಳು. "ಇನ್ನೊಂದ್ಸಲ," ಎಂದಳು.